ಸುರಂಗದೊಳಗಿನ ಶಾಸನ

ಮಹಾಭಾರತದ ಆದಿಪರ್ವದಲ್ಲಿ ಬರುವ ಅರಗಿನ ಮನೆಯ ಪ್ರಸಂಗವನ್ನು ಅರಿಯದವರು ನಮ್ಮಲ್ಲಿ ವಿರಳ. ವಾರಣಾವತದಲ್ಲಿ ಪಾಂಡವರನ್ನು ಸುಟ್ಟುಬಿಡಲೆಂದು ಸಿದ್ಧವಾದ ಮನೆ. ಆ ಮನೆಯ ನೆಲದಡಿಯಿಂದ ಗುಟ್ಟಾಗಿ ತೋಡಿದ ಸುರಂಗ. ಆ ಸುರಂಗದ ಮೂಲಕ ಕುಂತಿಯೂ ಐವರು ಮಕ್ಕಳೂ ಪಾರಾದದ್ದು. ಇಷ್ಟನ್ನು ಹಳ್ಳಿಯ ಹರಿಕಥೆಯಲ್ಲಿಯೇ ನಾವು ಕೇಳಿ ಬೆಳೆದಿದ್ದೇವೆ. ಆದರೆ ಆ ಸುರಂಗವನ್ನು ತೋಡಿದವನು ಯಾರು? ವಿದುರನು ಕಳುಹಿಸಿಕೊಟ್ಟ, ಅಗೆಯುವ ಕೆಲಸದಲ್ಲಿ ನಿಪುಣನಾದ ಒಬ್ಬ ಮನುಷ್ಯ. ಕವಿ ಅವನನ್ನು ಕರೆಯುವುದು 'ಖನಕ' ಎಂದು. ಖನಕನೆಂದರೆ ಅಗೆಯುವವನು. ಅದು ಹೆಸರಲ್ಲ, ಕಸುಬು. ಅವನೊಬ್ಬನ ದುಡಿಮೆ ಇಲ್ಲದಿದ್ದರೆ ಭಾರತದ ಕಥೆ ಮೊದಲ ಪರ್ವದಲ್ಲಿಯೇ ಬೂದಿಯಾಗಿ ಮುಗಿಯುತ್ತಿತ್ತು. ಆ ಮಹಾಕಾವ್ಯದಲ್ಲಿ ಶಂಖಗಳಿಗೆ ಹೆಸರುಂಟು, ಬಿಲ್ಲುಗಳಿಗೆ ಹೆಸರುಂಟು, ಕೃಷ್ಣನ ರಥದ ಕುದುರೆಗಳಿಗೂ ಹೆಸರುಂಟು. ಖನಕನಿಗೆ ಮಾತ್ರ ಇಲ್ಲ.

ಇಂದು ನಾನು ಹೇಳಹೊರಟಿರುವುದು ಅಂಥ ಸಾವಿರಾರು ಖನಕರ ವಿಚಾರ. ಅವರು ತೋಡಿದ ಸುರಂಗಗಳು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ಸಿಯೆರಾ ನೆವಾಡ ಪರ್ವತಶ್ರೇಣಿಯ ನೆತ್ತಿಯಲ್ಲಿವೆ. ಆ ಸ್ಥಳಕ್ಕೆ ಡಾನರ್ ಕಣಿವೆದಾರಿ ಎಂದು ಹೆಸರು. ಸಮುದ್ರಮಟ್ಟದಿಂದ ಸುಮಾರು ಏಳು ಸಾವಿರ ಅಡಿ ಎತ್ತರ. 1867ರಲ್ಲಿ ಅಲ್ಲಿ ಬೆಟ್ಟವನ್ನು ಕೊರೆದು ಹಾಕಿದ ಹಳಿಗಳ ಮೇಲೆ 125 ವರ್ಷಗಳಿಗೂ ಮಿಕ್ಕು ರೈಲು ಓಡಿತು. ಈ ನಡುವೆ 1925ರಲ್ಲಿ ಅದೇ ಬೆಟ್ಟಸಾಲಿನ ಕೆಳಗೆ ಹತ್ತು ಸಾವಿರ ಅಡಿಗೂ ಹೆಚ್ಚು ಉದ್ದದ ಇನ್ನೊಂದು ಸುರಂಗ ಸಿದ್ಧವಾಗಿ ಎರಡನೆಯ ಹಳಿ ಅದರೊಳಗೆ ಹಾಯಿತು. ಎರಡು ದಾರಿಗಳನ್ನು ನೋಡಿಕೊಳ್ಳುವುದು ದುಬಾರಿಯೆಂದು ತೋರಿದ್ದರಿಂದ 1993ರಲ್ಲಿ ಹಳೆಯ ದಾರಿಯನ್ನು ಕೈಬಿಟ್ಟು ಹಳಿಗಳನ್ನು ಕಿತ್ತುಹಾಕಿದರು. ರೈಲುಗಳು ಇಂದಿಗೂ ಆ ಪರ್ವತವನ್ನು ದಾಟುತ್ತವೆ, ಆದರೆ ಹೊಸ ಸುರಂಗದಲ್ಲಿ. ಹಳೆಯ ಸುರಂಗಗಳು ಬರಿದಾಗಿ ಉಳಿದಿವೆ. ಒಂದು ಕೈದೀಪ, ಗಟ್ಟಿಯಾದ ಜೋಡು, ಬೆಚ್ಚನೆಯ ಅಂಗಿ ಇಷ್ಟಿದ್ದರೆ ಅವುಗಳೊಳಗೆ ನಡೆಯುವುದು ಸಾಧ್ಯ. ಅನೇಕರು ನಡೆಯುತ್ತಾರೆ. ಆದರೆ ಆ ನೆಲ ರೈಲ್ವೆ ಕಂಪನಿಯ ಸ್ವತ್ತು, ಸಾರ್ವಜನಿಕ ಉದ್ಯಾನವಲ್ಲ ಎಂಬುದನ್ನು ಹೋಗುವವರು ತಿಳಿದಿರಬೇಕು.

ನನ್ನ ಮಗಳು ಅಳಿಯ ಆ ರಾಜ್ಯದಲ್ಲಿ ನೆಲೆಸಿದ್ದಾರೆ. ನಿವೃತ್ತನಾದ ಮೇಲೆ ಒಂದು ಬೇಸಗೆಯನ್ನು ಅವರೊಡನೆ ಕಳೆಯಲು ಹೋಗಿದ್ದಾಗ ಈ ಸುರಂಗಗಳನ್ನು ಕಂಡೆ. "ಅಪ್ಪ, ಸರೋವರ ನೋಡೋಣ ಅಂದ್ರೆ ಗವಿಗೆ ಹೋಗೋಣ ಅಂತೀರಲ್ಲ" ಎಂದು ಮಗಳು ನಕ್ಕಳು. ಡಾನರ್ ಸರೋವರ ಸುರಂಗದ ಪೂರ್ವದ ಬಾಯಿಯ ಬಳಿ ನಿಂತರೆ ಕೆಳಗೆ ಕಾಣುತ್ತದೆ, ಸುಂದರವಾಗಿಯೇ ಇದೆ. ಆದರೆ ಶಾಸನಗಳನ್ನು ಪಾಠ ಮಾಡಿದವನಿಗೆ ಕಲ್ಲು ಕಂಡರೆ ಕಾಲು ಅತ್ತ ಎಳೆಯುವುದು ಸಹಜ.

ಪರ್ವತವನ್ನು ದಾಟುವ ಆ ಭಾಗದಲ್ಲಿ ಒಟ್ಟು ಹದಿನೈದು ಸುರಂಗಗಳನ್ನು ಕೊರೆದಿದ್ದರು. ಅವುಗಳನ್ನು ಸಂಖ್ಯೆಗಳಿಂದ ಗುರುತಿಸುತ್ತಾರೆ. ಎಲ್ಲಕ್ಕಿಂತ ಉದ್ದವಾದದ್ದು ಶಿಖರದ ಕೆಳಗಿನ ಆರನೆಯದು: 1,659 ಅಡಿ. ಒಳಗೆ ಹೆಜ್ಜೆಯಿಟ್ಟೊಡನೆ ಬೇಸಗೆ ಹಿಂದೆ ಉಳಿಯುತ್ತದೆ. ಕಾಲಡಿಯಲ್ಲಿ ಜಲ್ಲಿ, ಅಲ್ಲಲ್ಲಿ ನಿಂತ ನೀರು, ಬೇಸಗೆಯ ಆರಂಭದಲ್ಲಿ ನೆಲದ ಮೇಲೆ ಮಂಜುಗಡ್ಡೆಯೂ ಉಂಟು. ಹನಿ ತೊಟ್ಟಿಕ್ಕುವ ಸದ್ದು, ನಮ್ಮ ಹೆಜ್ಜೆಯ ಸದ್ದು, ಅದರ ಪ್ರತಿಧ್ವನಿ, ಮತ್ತೇನೂ ಇಲ್ಲ. ಗೋಡೆಗೆ ಇಟ್ಟಿಗೆಯ ಹೊದಿಕೆಯಿಲ್ಲ, ಗಾರೆಯಿಲ್ಲ. ಬೆಟ್ಟದ ಕಗ್ಗಲ್ಲು ಒಡೆದ ದಿನ ಹೇಗಿತ್ತೋ ಹಾಗೆಯೇ ನಿಂತಿದೆ. ಸರಿಸುಮಾರು ನಡುಮಧ್ಯಕ್ಕೆ ಬಂದಾಗ ತಲೆಯ ಮೇಲೆ ಒಂದು ಬಾವಿಯ ಬಾಯಿ ಕಾಣುತ್ತದೆ. ಈ ಬಾವಿಯೇ ಆ ಸುರಂಗದ ಕಥೆಯ ಕೀಲಿಕೈ. ಆದ್ದರಿಂದ ಮೊದಲು ಸುರಂಗವನ್ನು ಹೇಗೆ ಕೊರೆದರೆಂಬುದನ್ನು ಹೇಳಬೇಕು.

ಅಮೆರಿಕದ ಪೂರ್ವ ಪಶ್ಚಿಮಗಳನ್ನು ರೈಲಿನಿಂದ ಜೋಡಿಸುವ ಕಾನೂನಿಗೆ ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಸಹಿ ಹಾಕಿದ್ದು 1862ರಲ್ಲಿ. ಒಂದು ಕಂಪನಿ ಪೂರ್ವದಿಂದ ಬರಬೇಕು. ಸೆಂಟ್ರಲ್ ಪೆಸಿಫಿಕ್ ಎಂಬ ಇನ್ನೊಂದು ಕಂಪನಿ ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದಿಂದ ಹೊರಡಬೇಕು. ಹಾಕಿದ ಮೈಲಿಗೆ ತಕ್ಕಂತೆ ಸರ್ಕಾರದ ಸಾಲ, ಸರ್ಕಾರದ ಭೂಮಿ. ಪೂರ್ವದ ಕಂಪನಿಗೆ ಎದುರಿದ್ದದ್ದು ಬಯಲು. ಪಶ್ಚಿಮದ ಕಂಪನಿಗೆ ನೂರು ಮೈಲಿ ಹೋಗುವಷ್ಟರಲ್ಲಿ ಏಳು ಸಾವಿರ ಅಡಿ ಏರಬೇಕಾದ ಪರ್ವತ. ಅದನ್ನು ದಾಟಲು ತಡವಾದಷ್ಟೂ ಹಣ ಎದುರಾಳಿಯ ಪಾಲು. ಹೀಗಾಗಿ ಕಂಪನಿಗೆ ಶಿಖರದ ಸುರಂಗವೇ ಬೆಟ್ಟದಂಥ ಚಿಂತೆಯಾಯಿತು.

ಆ ಕಾಲದಲ್ಲಿ ಕಲ್ಲು ಕೊರೆಯುವುದು ಕೈಯ ಕೆಲಸ. ಒಬ್ಬನು ಉಕ್ಕಿನ ಉಳಿಯನ್ನು ಬಂಡೆಗೆ ಒತ್ತಿ ಹಿಡಿಯುವನು. ಇಬ್ಬರು ದೊಡ್ಡ ಸುತ್ತಿಗೆಗಳಿಂದ ಒಬ್ಬರಾದ ಮೇಲೊಬ್ಬರು ಬಡಿಯುವರು. ಪ್ರತಿ ಪೆಟ್ಟಿಗೂ ಉಳಿ ಹಿಡಿದವನು ಅದನ್ನು ತುಸು ತಿರುಗಿಸಬೇಕು. ಪೆಟ್ಟು ತಪ್ಪಿದರೆ ಹೋಗುವುದು ಅವನ ಕೈ. ಹೀಗೆ ಆಳವಾದ ಕುಳಿ ಹೊಡೆದು, ಕರಿಮದ್ದು ತುಂಬಿ, ಬತ್ತಿ ಹಚ್ಚಿ ಓಡಬೇಕು. ಹೊಗೆ ಕರಗಿದ ಮೇಲೆ ಒಡೆದ ಕಲ್ಲನ್ನು ಹೊರಗೆ ಸಾಗಿಸಿ ಮತ್ತೆ ಕುಳಿ. ದಿನಕ್ಕೆ ಮೂರು ಪಾಳಿ. ಅಷ್ಟಾದರೂ ಒಂದು ಮುಖದಲ್ಲಿ ಒಂದು ದಿನಕ್ಕೆ ಸುರಂಗ ಮುಂದುವರಿಯುತ್ತಿದ್ದದ್ದು ಒಂದು ಅಡಿಗೆ ತುಸು ಮೇಲೆ. ಎರಡು ಬಾಯಿಗಳಿಂದ ಮಾತ್ರ ಕೊರೆಯುತ್ತ ಹೋದರೆ ವರ್ಷಗಟ್ಟಲೆ ಬೇಕು. ಆದ್ದರಿಂದ ಬೆಟ್ಟದ ಮೇಲಿನಿಂದ ಎಪ್ಪತ್ತು ಅಡಿಗೂ ಮಿಕ್ಕು ಆಳದ ಒಂದು ಬಾವಿ ತೋಡಿ, ಅದರ ತಳದಿಂದ ಪೂರ್ವಕ್ಕೂ ಪಶ್ಚಿಮಕ್ಕೂ ಕೊರೆಯತೊಡಗಿದರು. ಈಗ ಎರಡರ ಬದಲು ನಾಲ್ಕು ಮುಖಗಳು. ಒಡೆದ ಕಲ್ಲನ್ನು ಬಾವಿಯಿಂದ ಮೇಲೆತ್ತಲು ಒಂದು ಹಳೆಯ ರೈಲು ಎಂಜಿನ್ನನ್ನು ಕಳಚಿ, ಎತ್ತುಗಳಿಂದ ಎಳೆಸಿ ಆ ಎತ್ತರಕ್ಕೆ ತಂದು ರಾಟೆಗೆ ಹೂಡಿದರು. 1867ರ ಮೊದಲ ತಿಂಗಳುಗಳಿಂದ ನೈಟ್ರೊಗ್ಲಿಸರಿನ್ ಎಂಬ ಸ್ಫೋಟಕ ದ್ರವವನ್ನು ಸ್ಥಳದಲ್ಲಿಯೇ ತಯಾರಿಸಿ ಬಳಸಿದ್ದರಿಂದ ದಿನದ ಗಳಿಕೆ ಎರಡು ಅಡಿಯ ಸಮೀಪಕ್ಕೆ ಏರಿತು. ಅದೇ ವರ್ಷದ ಆಗಸ್ಟಿನಲ್ಲಿ ಮುಖಗಳು ಕೂಡಿದಾಗ ಅಳತೆಯಲ್ಲಿ ಬಂದ ವ್ಯತ್ಯಾಸ ಎರಡು ಅಂಗುಲ. ವರ್ಷ ಮುಗಿಯುವ ಮೊದಲೇ ಶಿಖರದ ಮೇಲೆ ಹಳಿ ಬಿತ್ತು.

ಈ ಲೆಕ್ಕದಲ್ಲಿ ಒಂದು ಚಳಿಗಾಲವೂ ಅಡಗಿದೆ. 1866-67ರ ಆ ಚಳಿಗಾಲದಲ್ಲಿ ಅಲ್ಲಿದ್ದ ಎಂಜಿನಿಯರ್ ಜಾನ್ ಗಿಲಿಸ್ ಎಂಬುವರು 44 ಹಿಮಬಿರುಗಾಳಿಗಳನ್ನು ದಾಖಲಿಸಿದ್ದಾರೆ. ಗುಡಿಸಲುಗಳು ಹಿಮದಲ್ಲಿ ಹೂತುಹೋದವು. ಮಲಗುವ ತಾಣದಿಂದ ಕೆಲಸದ ಸುರಂಗಕ್ಕೆ ಹೋಗಲು ಹಿಮದಲ್ಲಿಯೇ ಸುರಂಗಗಳನ್ನು ತೋಡಿದರು. ಬಿಸಿಲನ್ನು ಕಾಣದೆ ಒಂದು ಸುರಂಗದಿಂದ ಇನ್ನೊಂದಕ್ಕೆ ಹೋಗಿಬರುವುದೇ ಬದುಕಾಯಿತು. ಆಗಾಗ ಬೆಟ್ಟದ ಮೈಯಿಂದ ಹಿಮದ ರಾಶಿ ಕುಸಿದು ಬಿಡಾರಗಳನ್ನು ಹೊತ್ತೊಯ್ಯುತ್ತಿತ್ತು. ಹಾಗೆ ಹೋದ ಅನೇಕರ ದೇಹಗಳು ಹಿಮ ಕರಗಿದ ಮುಂದಿನ ಋತುವಿನಲ್ಲಿ ಸಿಕ್ಕಿದವೆಂದು ಕಾಮಗಾರಿಯ ಮೇಲ್ವಿಚಾರಕನಾಗಿದ್ದ ಸ್ಟ್ರೊಬ್ರಿಜ್ 1887ರಲ್ಲಿ ವಿಚಾರಣಾ ಆಯೋಗದ ಮುಂದೆ ಹೇಳಿದ. ಎಷ್ಟು ಜನರೆಂಬ ಎಣಿಕೆಯನ್ನು ಕಂಪನಿ ಇಟ್ಟಿರಲಿಲ್ಲ. ಮದ್ದಿನ ಪೀಪಾಯಿಗಳಿಗೆ ಲೆಕ್ಕವಿತ್ತು, ಸತ್ತವರಿಗೆ ಇರಲಿಲ್ಲ.

ಯಾರು ಈ ಜನ? ಅವರು ಚೀನಾದ ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದವರು. ಬಹುಪಾಲು ಹರೆಯದ ರೈತರ ಮಕ್ಕಳು. ಊರಿನಲ್ಲಿ ಬಡತನ, ಅಂತರ್ಯುದ್ಧ. ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿದಂದಿನಿಂದ ಅವರು ಕಡಲು ದಾಟಿ ಬರತೊಡಗಿದ್ದರು. ಬಿಳಿಯ ಕೂಲಿಗಾರರು ಬೆಳ್ಳಿಯ ಗಣಿಗಳ ಆಸೆಗೆ ಕೆಲಸ ಬಿಟ್ಟು ಹೋಗುತ್ತಿದ್ದುದರಿಂದ ಕಂಪನಿ 1865ರಿಂದ ಚೀನೀಯರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡಿತು. ಅಷ್ಟು ಸಣ್ಣ ಮೈಕಟ್ಟಿನವರಿಂದ ಈ ಕೆಲಸ ಆದೀತೆ ಎಂದು ಮೇಲಿನವರಿಗೆ ಮೊದಲು ಅನುಮಾನವಿತ್ತು. ಕೊನೆಗೆ ಆ ಕಂಪನಿಯ ಹತ್ತು ಕೂಲಿಗಾರರಲ್ಲಿ ಒಂಬತ್ತು ಜನ ಅವರೇ ಆದರು. ಕೆಲಸ ಭರದಿಂದ ಸಾಗುತ್ತಿದ್ದಾಗ ಹತ್ತು ಸಾವಿರಕ್ಕೂ ಮಿಕ್ಕು ಜನ. ಕಂಪನಿಯ ಅಧ್ಯಕ್ಷ ಲೀಲಂಡ್ ಸ್ಟ್ಯಾನ್‌ಫರ್ಡ್ 1862ರಲ್ಲಿ ರಾಜ್ಯದ ಗವರ್ನರನಾದಾಗ ಚೀನೀಯರನ್ನು ಕೀಳು ಜನಾಂಗವೆಂದು ಜರೆದು ಅವರ ವಲಸೆಯನ್ನು ತಡೆಯಬೇಕೆಂದಿದ್ದ. ಅದೇ ವ್ಯಕ್ತಿ 1865ರಲ್ಲಿ ರಾಷ್ಟ್ರಾಧ್ಯಕ್ಷರಿಗೆ ಸಲ್ಲಿಸಿದ ವರದಿಯಲ್ಲಿ ಅವರ ತಾಳ್ಮೆಯನ್ನೂ ಶ್ರಮಶೀಲತೆಯನ್ನೂ ಕೊಂಡಾಡಿದ. ಲಾಭ ಮನುಷ್ಯನ ಕಣ್ಣನ್ನು ಎಷ್ಟು ಬೇಗ ತೆರೆಸುತ್ತದೆ ನೋಡಿ! ಆದರೆ ಕೂಲಿಯಲ್ಲಿ ಭೇದ ಹೋಗಲಿಲ್ಲ. ಬಿಳಿಯರಿಗೆ ಸಂಬಳದೊಡನೆ ಊಟ ವಸತಿ ಸಿಕ್ಕುತ್ತಿತ್ತು. ಚೀನೀಯರು ತಮ್ಮ ಅಕ್ಕಿ, ಒಣಮೀನು, ಚಹಾಗಳನ್ನು ತಮ್ಮ ಸಂಬಳದಿಂದಲೇ ಕೊಳ್ಳಬೇಕಾಗಿತ್ತು.

ಇನ್ನು ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಬಹುವಾಗಿ ಕಲಕಿದ ಸಂಗತಿಗೆ ಬರುತ್ತೇನೆ. ಸ್ಟ್ಯಾನ್‌ಫರ್ಡ್ ತನ್ನ ತೀರಿಹೋದ ಮಗನ ನೆನಪಿಗಾಗಿ 1885ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯ ಇಂದು ಲೋಕಪ್ರಸಿದ್ಧ. ರೈಲಿನಿಂದ ಬಂದ ಸಂಪತ್ತೇ ಅದರ ಬುನಾದಿ. ಅದೇ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಗಾರ್ಡನ್ ಚಾಂಗ್, ಶೆಲ್ಲಿ ಫಿಷರ್ ಫಿಷ್ಕಿನ್ ಎಂಬ ಇಬ್ಬರು ಪ್ರಾಧ್ಯಾಪಕರು ಈ ಚೀನೀ ಕೂಲಿಗಾರರ ಚರಿತ್ರೆಯನ್ನು ಶೋಧಿಸುವ ಒಂದು ದೊಡ್ಡ ಯೋಜನೆಯನ್ನು ಕೈಗೊಂಡರು. ಅಮೆರಿಕ, ಚೀನಾ ಮೊದಲಾದ ದೇಶಗಳ ವಿದ್ವಾಂಸರು ವರ್ಷಗಳ ಕಾಲ ಹುಡುಕಿದರು. ಅವರು ಹುಡುಕಿದ್ದು ಕೂಲಿಗಾರನೊಬ್ಬನು ಬರೆದ ಕಾಗದ, ದಿನಚರಿಯ ಹಾಳೆ, ಮನೆಗೆ ಕಳುಹಿಸಿದ ನಾಲ್ಕು ಸಾಲು. ಒಂದೂ ಸಿಕ್ಕಲಿಲ್ಲ. ಗಮನಿಸಿ: ಇವರು ಅನಕ್ಷರಸ್ಥ ನಾಡಿನವರಲ್ಲ, ಅಕ್ಷರವನ್ನು ಪೂಜಿಸಿದ ನಾಡಿನವರು. ಅವರಲ್ಲಿ ಓದುಬರಹ ಬಲ್ಲವರಿದ್ದರು. ಕ್ಯಾಲಿಫೋರ್ನಿಯಕ್ಕೂ ಚೀನಾಕ್ಕೂ ನಡುವೆ ಹಡಗುಗಳಲ್ಲಿ ಕಾಗದಗಳೂ ಹಣವೂ ಓಡಾಡುತ್ತಿದ್ದವು. ಆದರೆ ಅಮೆರಿಕದಲ್ಲಿ ಮುಂದಿನ ದಶಕಗಳಲ್ಲಿ ಚೀನೀಯರ ಕೇರಿಗಳನ್ನು ಸುಟ್ಟರು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವೇ ಉರಿಯಿತು. ಅತ್ತ ಚೀನಾದಲ್ಲಿ ಯುದ್ಧ, ಕ್ರಾಂತಿ, ಮತ್ತೆ ಯುದ್ಧ. ಎರಡೂ ದಡಗಳಲ್ಲಿ ಕಾಗದ ಉಳಿಯುವ ಕಾಲ ಅದಾಗಿರಲಿಲ್ಲ.

ಕಂಪನಿಯ ಪುಸ್ತಕಗಳಲ್ಲಾದರೂ ಹೆಸರುಗಳಿರಬೇಡವೆ? 1864ರ ಜನವರಿಯ ಸಂಬಳದ ಪಟ್ಟಿಯಲ್ಲಿ ಹಂಗ್ ವಾ ಎಂಬ ಹೆಸರು ಬರುತ್ತದೆ. ಅವನು ಮೇಸ್ತ್ರಿ, ಆಳುಗಳನ್ನು ಒದಗಿಸಿ ಅವರೆಲ್ಲರ ಕೂಲಿಯನ್ನು ಒಟ್ಟಿಗೆ ಪಡೆಯುತ್ತಿದ್ದವನು. ಪಟ್ಟಿಗಳಲ್ಲಿ ಹೆಚ್ಚಾಗಿ ಇಂಥವರ ಹೆಸರುಗಳೇ; ಅವರ ಕೈಕೆಳಗಿನ ಗುಂಪು ಬರಿಯ ಸಂಖ್ಯೆ. ನಮ್ಮಲ್ಲಿ ರಸ್ತೆ, ಕಾಲುವೆಗಳ ಗುತ್ತಿಗೆಯನ್ನು ಬಲ್ಲವರಿಗೆ ಈ ಪದ್ಧತಿ ಹೊಸದೇನೂ ಅಲ್ಲ.

ಅವರ ಮಾತಿಗೆ ನಾವು ಅತಿ ಹತ್ತಿರ ಬರುವುದು ಒಂದು ವಾರದಲ್ಲಿ ಮಾತ್ರ. 1867ರ ಜೂನ್ ತಿಂಗಳ ಕೊನೆಯಲ್ಲಿ ಬೆಟ್ಟದುದ್ದಕ್ಕೂ ಮೂರು ಸಾವಿರಕ್ಕೂ ಹೆಚ್ಚು ಚೀನೀಯರು ಒಂದೇ ದಿನ ಉಳಿ ಸುತ್ತಿಗೆಗಳನ್ನು ಕೆಳಗಿಟ್ಟರು. ತಿಂಗಳಿಗೆ 40 ಡಾಲರು ಕೂಲಿ, ಸುರಂಗದೊಳಗೆ ದಿನಕ್ಕೆ ಎಂಟು ಗಂಟೆಯ ಕೆಲಸ, ಇದು ಬೇಡಿಕೆ. ಗಲಭೆಯಿಲ್ಲ, ಕೂಗಾಟವಿಲ್ಲ, ಸುಮ್ಮನೆ ಬಿಡಾರಗಳಲ್ಲಿ ಕುಳಿತರು. ಬಿಳಿಯರಿಗೆ ಎಂಟು ಗಂಟೆ ಒಳ್ಳೆಯದಾದರೆ ಚೀನೀಯರಿಗೂ ಒಳ್ಳೆಯದೇ ಎಂದು ಅವರು ಹೇಳಿದರೆಂದು ಅಂದಿನ ವೃತ್ತಪತ್ರಿಕೆಯೊಂದು ಅಚ್ಚುಮಾಡಿತು. ಬೇರೆಯವರ ಕಿವಿಗೆ ಬಿದ್ದು, ಬೇರೆಯವರ ಭಾಷೆಯಲ್ಲಿ ಮುರಿದು ಬರೆದ ಒಂದು ವಾಕ್ಯ. ಹತ್ತು ಸಾವಿರ ಜನರ ಬಾಯಿಂದ ಬಂದು ಉಳಿದದ್ದು ಅಷ್ಟು. ಕಂಪನಿ ಬೆಟ್ಟಕ್ಕೆ ಹೋಗುವ ಆಹಾರದ ಸಾಗಣೆಯನ್ನು ನಿಲ್ಲಿಸಿತು. ಒಂದು ವಾರದೊಳಗೆ ಮುಷ್ಕರ ಮುಗಿಯಿತು. ಆಮೇಲೆ ಎರಡೇ ತಿಂಗಳಲ್ಲಿ ಸುರಂಗದ ಮುಖಗಳು ಕೂಡಿದವು.

ಬರಹವಿಲ್ಲದ ಕಡೆ ಕಥೆಗಳು ಬೆಳೆಯುತ್ತವೆ. ಕಡಿದಾದ ಬಂಡೆಯ ಮೈಯಲ್ಲಿ ಚೀನೀಯರನ್ನು ಬುಟ್ಟಿಗಳಲ್ಲಿ ಇಳಿಬಿಟ್ಟು ಮದ್ದು ಹಾಕಿಸಿದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಆ ಕಾಲದ ಆಧಾರಗಳು ಅದಕ್ಕೆ ಸಿಕ್ಕದ್ದರಿಂದ ಈಚಿನ ಸಂಶೋಧಕರು ಅದನ್ನು ನಂಬಲು ಹಿಂದೆಗೆಯುತ್ತಾರೆ. ಆದರೆ ಕಥೆಗೆ ಇನ್ನೊಂದು ಘನವಾದ ರೂಪವೂ ಉಂಟು. ಚೀನೀ ಮೂಲದ ಅಮೆರಿಕನ್ ಲೇಖಕಿ ಮ್ಯಾಕ್ಸಿನ್ ಹಾಂಗ್ ಕಿಂಗ್‌ಸ್ಟನ್ ತಮ್ಮ 'ಚೈನಾ ಮೆನ್' ಎಂಬ 1980ರ ಕೃತಿಯಲ್ಲಿ ಸಿಯೆರಾ ಬೆಟ್ಟಗಳಲ್ಲಿ ದುಡಿದ ಅಜ್ಜನೊಬ್ಬನನ್ನು ಚಿತ್ರಿಸಿದ್ದಾರೆ. ದಾಖಲೆ ಬರಿದಾದಲ್ಲಿ ಕಲ್ಪನೆ ದೀಪ ಹಿಡಿಯಬೇಕಾಗುತ್ತದೆ. ಕೇಳಿಬಂದ ಬುಟ್ಟಿಯ ಕಥೆ ತಾನೇ ಇತಿಹಾಸವೆಂದು ಹೇಳಿಕೊಳ್ಳುತ್ತದೆ. ಕಾದಂಬರಿಕಾರ್ತಿಯ ಅಜ್ಜ ತಾನು ಕಲ್ಪನೆಯೆಂಬುದನ್ನು ಮರೆಮಾಚುವುದಿಲ್ಲ. ಸಾಹಿತ್ಯ ಪ್ರಾಮಾಣಿಕವಾಗುವುದು ಹೀಗೆ.

ಕಾಗದವಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ. ಹಾಗಾದರೆ ಈ ಜನ ಬರೆದು ಬಿಟ್ಟುಹೋದದ್ದು ಏನೂ ಇಲ್ಲವೆ? ಇದೆ, ಅದು ಸುರಂಗವೇ. ಅದನ್ನು ಓದಲು ಒಂದು ಉಪಾಯ ಬೇಕು, ಅಷ್ಟೆ. ಸವೆದ ಶಾಸನವನ್ನು ಓದುವ ಕ್ರಮವನ್ನು ನಮ್ಮ ಹಿರಿಯ ವಿದ್ವಾಂಸರು ಕಲಿಸಿದ್ದಾರೆ. ನಡುಹಗಲಿನ ಬಿಸಿಲಿನಲ್ಲಿ ಅಕ್ಷರ ಕಾಣದು. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಹೋಗಬೇಕು. ಆಗ ಪ್ರತಿ ಗೀರಿನ ಅಂಚಿನಲ್ಲೂ ನೆರಳು ನಿಲ್ಲುತ್ತದೆ, ಅಕ್ಷರ ಎದ್ದು ಬರುತ್ತದೆ. ಆರನೆಯ ಸುರಂಗದಲ್ಲಿ ನಾನು ಕೈದೀಪವನ್ನು ನೇರವಾಗಿ ಹಿಡಿದು ನೋಡಿದಾಗ ಕಂಡದ್ದು ಬೂದುಬಣ್ಣದ ಒರಟು ಕಲ್ಲು. ದೀಪವನ್ನು ಗೋಡೆಗೆ ತಾಗಿಸಿ ಓರೆಯಾಗಿ ಹಿಡಿದೆ. ಕುಳಿಗಳ ಗುರುತುಗಳು ಎದ್ದು ಬಂದವು. ಕೋಲನ್ನು ಉದ್ದಕ್ಕೆ ಸೀಳಿ ಅದರ ಅಚ್ಚನ್ನು ಕಲ್ಲಿಗೆ ಒತ್ತಿದಂತೆ, ಅರ್ಧಚಂದ್ರಾಕಾರದ ನೀಳವಾದ ಗಾಡಿಗಳು. ಗೋಡೆಯಲ್ಲಿ, ಚಾವಣಿಯಲ್ಲಿ, ನೆಲದ ಬಳಿ. ಮದ್ದು ಸಿಡಿದಾಗ ಕುಳಿಯ ಮುಂದಿನ ಅರ್ಧ ಒಡೆದುಹೋಗಿ, ಹಿಂದಿನ ಅರ್ಧ ಬಂಡೆಯಲ್ಲಿ ಉಳಿದುಕೊಂಡದ್ದು ಇದು.

ಒಂದು ಗಾಡಿಯಲ್ಲಿ ಬೆರಳಿಟ್ಟು ನೋಡಿದೆ. ಒಳಮೈ ಸಾಕಷ್ಟು ನುಣುಪು. ಪ್ರತಿ ಪೆಟ್ಟಿಗೂ ಉಳಿಯನ್ನು ತಿರುಗಿಸುತ್ತಿದ್ದ ಮನುಷ್ಯನ ಹದವಾದ ಕೈ ಅದರಲ್ಲಿದೆ. ಹಿಡಿತ ಸಡಿಲವಾದರೆ ಕುಳಿ ಸೊಟ್ಟಗಾಗುತ್ತದೆ, ಸೊಟ್ಟಗಾದವು ಕಡಿಮೆ. ಕೆಲಸದ ವೇಗವೂ ಹಾದಿಯೂ ಅವರ ಲಿಪಿಯಲ್ಲಿಯೇ ಅಲ್ಲಿ ಬರೆದಿದೆ. ಪೂರ್ವದ ಕಡೆ ಹೊರಗೆ ಬಂದರೆ ಏಳನೆಯ ಮತ್ತು ಎಂಟನೆಯ ಸುರಂಗಗಳ ನಡುವಿನ ಕೊರಕಲಿಗೆ ಅಡ್ಡವಾಗಿ ಕಟ್ಟಿದ ಸುಮಾರು 75 ಅಡಿ ಎತ್ತರದ ಕಲ್ಲಿನ ಗೋಡೆಯಿದೆ. ಜನ ಅದನ್ನು 'ಚೀನಾ ಗೋಡೆ' ಎನ್ನುತ್ತಾರೆ. ಸುರಂಗದಿಂದ ಒಡೆದು ತೆಗೆದ ಕಲ್ಲುಗಳನ್ನೇ ಒಂದರ ಮೇಲೊಂದು ಕೂರಿಸಿ ಕಟ್ಟಿದ್ದು, ಗಾರೆಯ ಬಳಕೆಯಿಲ್ಲ. ಒಂದೂಕಾಲು ಶತಮಾನ ರೈಲಿನ ಭಾರವನ್ನು ಹೊತ್ತು ಅದು ಇಂದಿಗೂ ನಿಂತಿದೆ.

ರೈಲುದಾರಿ ಪೂರ್ಣವಾದದ್ದು 1869ರ ಮೇ 10ರಂದು, ಯೂಟಾದ ಪ್ರಾಮಂಟರಿ ಎಂಬಲ್ಲಿ. ಎರಡು ಎಂಜಿನ್ನುಗಳು ಮುಖಾಮುಖಿ ನಿಂತ ಅಂದಿನ ಪ್ರಸಿದ್ಧ ಛಾಯಾಚಿತ್ರದಲ್ಲಿ ಚೀನೀ ಕೂಲಿಗಾರರ ಮುಖವನ್ನು ಹುಡುಕಿ ಹುಡುಕಿ ಕಾಣಬೇಕು. ಐವತ್ತು ವರ್ಷಗಳ ಅನಂತರ, 1919ರಲ್ಲಿ, ಅದೇ ಪ್ರಾಂತ್ಯದ ಆಗ್ಡೆನ್ ನಗರದ ಉತ್ಸವದಲ್ಲಿ ಮೂವರು ಚೀನೀ ಮುದುಕರನ್ನು ಬಂಡಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿದರು: ಜಿಂಗ್ ಕುಯಿ, ವಾಂಗ್ ಫುಕ್, ಲೀ ಶಾವ್. ಕೊನೆಯ ಹಳಿಯನ್ನಿಟ್ಟ ಗುಂಪಿನವರೆಂದು ಅವರ ಖ್ಯಾತಿ. ಇಷ್ಟು ದೊಡ್ಡ ಕಾರ್ಯದ ಲೆಕ್ಕದಲ್ಲಿ ಇಷ್ಟು ಕೆಲವೇ ಹೆಸರುಗಳು ಉಳಿದಿರುವುದರಿಂದ ಅವನ್ನು ಇಲ್ಲಿ ಪೂರ್ತಿಯಾಗಿ ಉಚ್ಚರಿಸಿದೆ.

ಈ ನಡುವೆ ಆ ದೇಶ ಅವರಿಗೆ ಕೊಟ್ಟ ಪ್ರತಿಫಲವನ್ನು ಹೇಳದಿದ್ದರೆ ವಿಷಯ ಅಪೂರ್ಣವಾದೀತು. ಹಳಿ ಕೂಡಿದ ಹದಿಮೂರು ವರ್ಷಕ್ಕೆ, 1882ರಲ್ಲಿ, ಚೀನೀ ಕೂಲಿಗಾರರು ಅಮೆರಿಕಕ್ಕೆ ಬಾರದಂತೆ ಕಾನೂನಾಯಿತು. ಬಾಗಿಲು ಒಮ್ಮೆ ಮುಚ್ಚತೊಡಗಿದರೆ ಒಬ್ಬರ ಮುಖಕ್ಕೆ ಮಾತ್ರ ಮುಚ್ಚಿಕೊಳ್ಳುವುದಿಲ್ಲ. 1917ರ ಇನ್ನೊಂದು ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ಜನರಿಗೆ ಅದೇ ಬಾಗಿಲನ್ನು ಮುಚ್ಚಿತು. ಚೀನೀಯರ ಮೇಲಿನ ನಿಷೇಧ ರದ್ದಾದದ್ದು 1943ರಲ್ಲಿ. ನಮ್ಮವರಿಗೆ ಬಾಗಿಲು ನಿಜವಾಗಿ ತೆರೆದದ್ದು 1965ರ ಕಾನೂನಿನಿಂದ. ಇಂದು ಕ್ಯಾಲಿಫೋರ್ನಿಯದಲ್ಲಿ ಕನ್ನಡ ಸಂಘಗಳಿವೆ, ಯುಗಾದಿಯ ಒಬ್ಬಟ್ಟಿದೆ, ಮಕ್ಕಳಿಗೆ ಕನ್ನಡ ಪಾಠವಿದೆ. ಇದನ್ನೆಲ್ಲ ಕಂಡು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಆದರೆ ನಮ್ಮ ಮಕ್ಕಳು ವಿಮಾನದಿಂದ ಇಳಿದು ನಡೆದು ಹೋಗುವ ಆ ದಾರಿಯನ್ನು ತಡೆದಿದ್ದ ಬಂಡೆಗೆ ಮೊದಲ ಪೆಟ್ಟುಗಳನ್ನು ತಿಂದವರು ಈ ಜನ. ಸುರಂಗದ ಕತ್ತಲೆಯಲ್ಲಿ ಮಗಳಿಗೆ ಇದನ್ನು ಹೇಳಿದಾಗ ಅವಳು, "ಇಷ್ಟು ವರ್ಷ ಈ ರಸ್ತೆಯಲ್ಲಿ ಓಡಾಡಿದೀವಿ ಅಪ್ಪ, ಒಂದು ಸಲಾನೂ ತಿರುಗಿ ನೋಡಿರಲಿಲ್ಲ" ಎಂದಳು.

ತಿರುಗಿ ನೋಡುವ ಕೆಲಸ ಅಲ್ಲಿಯೂ ತಡವಾಗಿಯಾದರೂ ನಡೆದಿದೆ. 2014ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಈ ಕೂಲಿಗಾರರನ್ನು ಒಟ್ಟಾಗಿ ತನ್ನ ಗೌರವಪಟ್ಟಿಗೆ ಸೇರಿಸಿತು. 2021ರಲ್ಲಿ ಆ ದೇಶದ ಐತಿಹಾಸಿಕ ಸಂರಕ್ಷಣಾ ಸಂಸ್ಥೆಯೊಂದು ಅಪಾಯದಲ್ಲಿರುವ ಹನ್ನೊಂದು ಸ್ಥಳಗಳ ವಾರ್ಷಿಕ ಪಟ್ಟಿಯಲ್ಲಿ ಆರನೆಯ ಮತ್ತು ಏಳನೆಯ ಸುರಂಗಗಳನ್ನೂ, ಪಕ್ಕದಲ್ಲಿ ಕೂಲಿಗಾರರ ಬಿಡಾರವಿದ್ದ ಜಾಗವನ್ನೂ ಹೆಸರಿಸಿತು. ಅಪಾಯವೆಂದರೆ ಯಾವುದು? ನಡೆದು ನೋಡಿದವರಿಗೆ ಅದು ಕಣ್ಣಿಗೆ ಹೊಡೆಯುತ್ತದೆ. ಸುರಂಗಗಳನ್ನು ಜೋಡಿಸುವ ಹಿಮದ ಮಾಡುಗಳಿವೆ. ಹಳಿಯ ಮೇಲೆ ಹಿಮ ಬೀಳದಂತೆ ಮೊದಲು ಮರದಿಂದ, ಆಮೇಲೆ ಕಾಂಕ್ರೀಟಿನಿಂದ ಕಟ್ಟಿದವು. ಆ ಗೋಡೆಗಳ ತುಂಬ ಬಣ್ಣದ ಬರಹ. ದೊಡ್ಡ ದೊಡ್ಡ ಅಕ್ಷರಗಳಲ್ಲಿ ಯಾರು ಯಾರದೋ ಹೆಸರುಗಳು, ಪ್ರೇಮದ ಗುರುತುಗಳು, ಇಸವಿಗಳು. ಕಾಂಕ್ರೀಟಿನ ಮೇಲೆ ಇದ್ದರೆ ಇರಲಿ ಎನ್ನಬಹುದು. ಅದೇ ಬಣ್ಣ ಒಳಗಿನ ಕಗ್ಗಲ್ಲಿನ ಮೇಲೂ, ಉಳಿಯ ಗಾಡಿಗಳ ಮೇಲೂ ಹರಿದಿದೆ. ಚೀನಾ ಗೋಡೆಯ ಕೆಳಗಿನ ಬಂಡೆಯ ಮೇಲೆ ಅಲ್ಲಿನ ಮೂಲನಿವಾಸಿಗಳು ಕೆತ್ತಿದ ಚಿತ್ರಗಳಿವೆ. ಅವು ರೈಲಿಗಿಂತ ಸಾವಿರಾರು ವರ್ಷ ಹಿಂದಿನವು. ಒಂದೇ ಇಳಿಜಾರಿನಲ್ಲಿ ಮೂರು ಬರಹ. ಮೊದಲನೆಯದರ ಅರ್ಥವನ್ನು ಹೇಳಬಲ್ಲವರು ಉಳಿದಿಲ್ಲ, ಎರಡನೆಯದನ್ನು ಬರೆದವರ ಹೆಸರು ಉಳಿದಿಲ್ಲ. ಹೆಸರಿನ ಹೊರತು ಮತ್ತೇನೂ ಇಲ್ಲದ ಮೂರನೆಯದು ಅವೆರಡನ್ನೂ ಮುಚ್ಚಲು ಹೊರಟಿದೆ.

ಇದನ್ನು ಅನ್ಯದೇಶದ ದೋಷವೆಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಬೇಲೂರಿನ ಗುಡಿಯಲ್ಲಿ ದಾಸೋಜ, ಚಾವಣರ ಹೆಸರುಗಳು ಅವರು ಕಡೆದ ಶಿಲ್ಪಗಳ ಕೆಳಗಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ತುರುಗಳನ್ನು ಬಿಡಿಸಲು ಹೋಗಿ ಸತ್ತ ಹಳ್ಳಿಯ ಸಾಮಾನ್ಯನಿಗೂ ವೀರಗಲ್ಲು ನಿಲ್ಲಿಸಿ ಹೆಸರು ಕೆತ್ತಿದ ನಾಡು ನಮ್ಮದು. ಅಂಥ ನಾಡಿನಲ್ಲಿಯೇ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಘಟ್ಟವನ್ನು ಕೊರೆದು 57 ಸುರಂಗಗಳನ್ನು ಮಾಡಿದರು. 1979ರಲ್ಲಿ ಅವುಗಳೊಳಗೆ ರೈಲು ಓಡಿತು. ಗೇಜ್ ಬದಲಾವಣೆಗಾಗಿ ಆ ದಾರಿಯನ್ನು ಮುಚ್ಚಿದ್ದ ವರ್ಷಗಳಲ್ಲಿ ನಮ್ಮ ಎಷ್ಟೋ ತರುಣರು ಆ ಸುರಂಗಗಳೊಳಗೆ ನಡೆದರು. ಮಳೆ, ಮಂಜು, ಜಲಪಾತಗಳನ್ನು ವರ್ಣಿಸಿದರು. ಈಗ ಅಲ್ಲಿ ಮತ್ತೆ ರೈಲು ಓಡುತ್ತದೆ; ನಡೆಯುವಂತಿಲ್ಲ. ಆ ಬಂಡೆಗಳಿಗೆ ಉಳಿ ಹಿಡಿದವರ ಹೆಸರನ್ನು ನಮ್ಮಲ್ಲಿ ಯಾರಾದರೂ ಕೇಳಿದ್ದೇವೆಯೆ? ಆ ಕೆಲಸದಲ್ಲಿದ್ದವರ ಪೈಕಿ ಕೆಲವರಾದರೂ ಇನ್ನೂ ನಮ್ಮ ನಡುವೆ ಮುದುಕರಾಗಿ ಬದುಕಿರಬೇಕು. ಸಿಯೆರಾದ ಖನಕರ ಮಾತನ್ನು ಹಿಡಿದಿಡುವ ಕಾಲ ಮುಗಿದುಹೋಗಿದೆ. ನಮ್ಮ ಘಟ್ಟದವರದು ಮುಗಿದಿಲ್ಲ. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ಜಾನಪದ ಗೀತೆಗಳನ್ನು ಸಂಗ್ರಹಿಸುವ ಶ್ರದ್ಧೆಯಲ್ಲಿ ಹತ್ತರಲ್ಲೊಂದು ಪಾಲನ್ನು ಇದಕ್ಕೆ ಕೊಟ್ಟರೂ ಸಾಕು. ಒಂದು ನೋಟ್ ಪುಸ್ತಕ, ಒಂದು ಧ್ವನಿಮುದ್ರಣ ಯಂತ್ರ, ಕೇಳುವ ತಾಳ್ಮೆಯುಳ್ಳ ಇಬ್ಬರು ವಿದ್ಯಾರ್ಥಿಗಳು. ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆಯೂ ಸರಳವಾದದ್ದೇ: "ಅಜ್ಜ, ನಿಮ್ಮ ಹೆಸರೇನು?"